ಕಾರಿನ ಹದಿನಾಲ್ಕನೆಯ ದಿನ

ನಮ್ಮಲ್ಲಿ ಮನುಷ್ಯ ಸತ್ತರೆ ಹದಿಮೂರನೆಯ ದಿನ ವೈಕುಂಠ ಸಮಾರಾಧನೆ ಮುಗಿಸಿ, ವಡೆ ಪಾಯಸ ಉಂಡು, ನೆಂಟರು ಬಸ್ ಹತ್ತುತ್ತಾರೆ. ಕಾರಿಗೆ ಸರ್ಕಾರ ಒಂದು ದಿನ ಹೆಚ್ಚಿಗೆ ಕೊಟ್ಟಿದೆ. ವಾಹನ ನಾಶವಾದರೆ ಅಥವಾ ಇನ್ನೆಂದೂ ಬಳಸಲಾಗದ ಸ್ಥಿತಿಗೆ ಬಂದರೆ ಮಾಲೀಕ ಹದಿನಾಲ್ಕು ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮು. 'ಇಲ್ಲವೇ ಆದಷ್ಟು ಬೇಗ' ಎಂಬ ಕರುಣೆಯ ಮಾತೂ ಅಲ್ಲೇ ಇದೆ. ನಾನು ಆ ಕರುಣೆಯನ್ನು ಹಿಡಿದುಕೊಂಡು ಎಂಟು ವರ್ಷ ಕಳೆದೆ.

ಕಾರು ಅಪ್ಪನದು. 1994ರ ಮಾರುತಿ 800, ಬಿಳಿ ಬಣ್ಣ. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಮೊದಲ ಗಿರಾಕಿಯ ಕೈಗೆ ಬೀಗದ ಕೈ ಕೊಟ್ಟ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ ದಿನವೇ ಅಪ್ಪ ಅದನ್ನು ಮನಸ್ಸಿನಲ್ಲಿ ಕೊಂಡಿದ್ದರು. ದುಡ್ಡು ಕೊಟ್ಟು ಕೊಳ್ಳಲು ಹನ್ನೊಂದು ವರ್ಷ ಹಿಡಿಯಿತು. 796 ಸಿಸಿಯ ಎಂಜಿನ್, ನಾಲ್ಕು ಗೇರು. ಅಷ್ಟರಲ್ಲೇ ಏಳು ಜನ ಮತ್ತು ಒಂದು ಹಲಸಿನ ಹಣ್ಣು ಧರ್ಮಸ್ಥಳದಿಂದ ಬೆಂಗಳೂರಿಗೆ ಬಂದದ್ದಿದೆ. ಶಿರಾಡಿ ಘಾಟಿಯ ಏರಿನಲ್ಲಿ ಜನ ಇಳಿದು ನಡೆದರು, ಹಲಸು ಇಳಿಯಲಿಲ್ಲ.

ಅಪ್ಪ ಹೋದ ಮರುವರ್ಷ ಕಾರೂ ನಿಂತಿತು, ಮನೆಯ ಮುಂದೆ, ಹೊಂಗೆ ಮರದ ಕೆಳಗೆ. ನಿಂತದ್ದೇ ತಡ, ಅದು ನಮ್ಮದಾಗಿ ಉಳಿಯಲಿಲ್ಲ, ಬೀದಿಯ ಆಸ್ತಿಯಾಯಿತು. ಒಂದು ಕಂದು ನಾಯಿ ಹಿಂದಿನ ಸೀಟಿನಲ್ಲಿ ಮೂರು ಸಲ ಹೆತ್ತಿತು. ಚುನಾವಣೆ ಬಂದಾಗ ಎರಡು ಪಕ್ಷದವರೂ ಅದಕ್ಕೇ ಫ್ಲೆಕ್ಸ್ ಕಟ್ಟಿದರು. ರಸ್ತೆಗೆ ಡಾಂಬರು ಹಾಕಲು ಬಂದವರು ಕಾರಿನ ಸುತ್ತ ಹಾಕಿ, ಅಡಿಯಷ್ಟನ್ನು ಬಿಟ್ಟು ಹೋದರು. ಆಯುಧಪೂಜೆಯ ದಿನ ಯಾರೋ ಪುಣ್ಯಾತ್ಮರು ಬಾನೆಟ್ಟಿಗೆ ಚೆಂಡು ಹೂವಿನ ಮಾಲೆ ಹಾಕಿ, ಮುಂದೆ ಬೂದುಗುಂಬಳ ಒಡೆಯುತ್ತಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಒಂದು ದಿನ ಗಾಜಿನ ಮೇಲೆ 'ಏಳು ದಿನಗಳೊಳಗೆ ತೆರವುಗೊಳಿಸತಕ್ಕದ್ದು' ಎಂಬ ಚೀಟಿ ಕಂಡಿತು. ಅದು ಬಿಸಿಲಿಗೆ ಮಾಸಿದ ಮೇಲೆ ಇನ್ನೊಂದು ಬಂತು. ನಗರಕ್ಕೆ ಇದ್ದ ಒಂದು ಪಾಲಿಕೆ 2025ರಲ್ಲಿ ಐದಾಯಿತು. ಕಾರು ಮಾತ್ರ ಅಖಂಡವಾಗಿಯೇ ಇತ್ತು. ಆಗಿನ ಮಟ್ಟಿಗೆ.

ಮೊದಲು ಅದನ್ನು ಬದುಕಿಸುವ ಯೋಚನೆಯೇ ಇತ್ತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5000ಕ್ಕೆ ಹಾರಿತ್ತು. ಹಾರಲಾರದ ವಾಹನಗಳಿಗೆಂದೇ ಇಟ್ಟ ಶುಲ್ಕ ಹೀಗೆ ಹಾರಿದ್ದು ವಿಶೇಷ. ಜೀವಿತಾವಧಿ ತೆರಿಗೆ ಎಂದು ಒಂದನ್ನು ಕಟ್ಟಿಸಿಕೊಂಡು, ಹದಿನೈದು ತುಂಬಿದ ಮೇಲೆ ಹಸಿರು ತೆರಿಗೆ ಎಂದು ಇನ್ನೊಂದನ್ನು ಕೇಳುವ ರಾಜ್ಯ ನಮ್ಮದು. ಅದಕ್ಕೂ ತಯಾರಾಗಿ ಹೊಗೆ ತಪಾಸಣೆಯ ಹುಡುಗನನ್ನು ಕರೆತಂದೆ.

"ಸ್ಟಾರ್ಟ್ ಮಾಡಿ ಸರ್."

"ಆಗುವುದಿಲ್ಲಪ್ಪ. ಎಂಟು ವರ್ಷದಿಂದ ಒಂದು ಎಳೆ ಹೊಗೆ ಬಿಟ್ಟಿಲ್ಲ. ಇಡೀ ಊರಿನಲ್ಲಿ ಇಷ್ಟು ಶುದ್ಧವಾದ ಕಾರು ಇನ್ನೊಂದಿಲ್ಲ."

"ಹೊಗೆ ಬಂದರೆ ತಾನೇ ಸರ್, ಹೊಗೆ ಇಲ್ಲ ಎಂದು ಬರೆದು ಕೊಡುವುದು?"

ಅವನ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಾಗಾದರೆ ಸಾಯಿಸಿಯೇ ಬಿಡೋಣ ಎಂದು ಸಾರಿಗೆ ಕಚೇರಿಗೆ ಹೋದೆ.

"ಆರ್‌ಸಿ ಯಾರ ಹೆಸರಿನಲ್ಲಿದೆ?" ಎಂದರು ಗುಮಾಸ್ತರು.

"ನಮ್ಮ ತಂದೆಯವರದು."

"ಅವರನ್ನೇ ಕಳುಹಿಸಿ."

"ಕಳುಹಿಸಿ ಒಂಬತ್ತು ವರ್ಷವಾಯಿತು ಸರ್."

ಅವರು ಕನ್ನಡಕ ತೆಗೆದರು. ಹಾಗಿದ್ದರೆ ಕಾರನ್ನು ಮೊದಲು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಅದಕ್ಕೆ ನಮೂನೆ 31. ಆಮೇಲೆ ಮಾಲೀಕನ ಅಧಿಕಾರದಿಂದ ಅದನ್ನು ಕೊನೆಗಾಣಿಸಬೇಕು. ಅಂದರೆ ಪಿತ್ರಾರ್ಜಿತವಾಗಿ ಒಂದು ಹೆಣವನ್ನು ಪಡೆದು, ನಂತರ ಅದು ಹೆಣವೆಂದು ಸಾಬೀತು ಮಾಡಬೇಕು. ಅಪ್ಪನ ಮರಣ ಪ್ರಮಾಣಪತ್ರ ತೆಗೆದೆ, ವಂಶವೃಕ್ಷ ಬರೆಸಿದೆ. ಕಾರಿನ ವಂಶ 2014ರಲ್ಲಿ ತಯಾರಿಕೆಯೇ ನಿಂತು ಮುಗಿದಿತ್ತು, ನಮ್ಮದು ಮುಂದುವರಿದಿದೆ ಎಂದು ತಹಸೀಲ್ದಾರರು ಮುದ್ರೆ ಒತ್ತಿದರು. ಒಪ್ಪಿಗೆ ಪತ್ರಕ್ಕಾಗಿ ಶಿವಮೊಗ್ಗದ ಅಕ್ಕನಿಗೆ ಫೋನ್ ಮಾಡಿದೆ.

"ಅದರಲ್ಲಿ ನನ್ನ ಪಾಲೆಷ್ಟೋ?" ಎಂದು ನಕ್ಕಳು. ನಕ್ಕು ಮುಗಿಸಿ, ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿಯನ್ನು ಮಾತ್ರ ತನಗೆ ಇಡಬೇಕೆಂದಳು. ಗಣಪತಿ ಅಲ್ಲಿರಲಿಲ್ಲ, ಅವನು ನನಗಿಂತ ಮೊದಲೇ ಪರಿಸ್ಥಿತಿ ಅರಿತು ಇಳಿದುಹೋಗಿದ್ದ.

ಇನ್ನು ಉಳಿದದ್ದು ಚಾಸಿ ನಂಬರಿನ ಪೆನ್ಸಿಲ್ ಅಚ್ಚು. ಎಂಜಿನ್ ಹಿಂದಿನ ತಗಡಿನ ಮೇಲೆ ಕೊರೆದ ಸಂಖ್ಯೆಗೆ ಕಾಗದ ಇಟ್ಟು ಪೆನ್ಸಿಲಿನಿಂದ ತಿಕ್ಕಿದರೆ ಅಂಕಿಗಳು ಮೂಡಬೇಕು. ನಾನು ತಿಕ್ಕಿದೆ. ಮೂರು ಅಂಕಿ ಮೂಡಿದವು, ನಾಲ್ಕನೆಯದಕ್ಕೆ ಪೆನ್ಸಿಲ್ ತಗಡನ್ನು ತೂರಿ ಆಚೆ ಬದಿಗೆ ಹೋಯಿತು. ತೂತು ಬಿದ್ದ ಕಾಗದವನ್ನೇ ಕೊಟ್ಟೆ. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಈ ಕಾರು ಇದೇ ಕಾರು ಎನ್ನುವುದಕ್ಕೆ ಏನು ಆಧಾರ? ಗಾಡಿಯನ್ನೇ ತನ್ನಿ" ಎಂದರು.

ಎಳೆಯುವ ಗಾಡಿ ಬಂತು. ಇಷ್ಟು ವರ್ಷ ಅದನ್ನು ಶನಿ ಎಂದು ಶಪಿಸಿದ್ದ ನೆರೆಮನೆಯವರು ಗೇಟಿಗೆ ಬಂದು, "ಎಂಥ ಗಾಡಿ, ಲೀಟರಿಗೆ ಇಪ್ಪತ್ತು ಕೊಡುತ್ತಿತ್ತು" ಎಂದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಚಾಲಕ ಮುಂದಕ್ಕೆ ಕೊಕ್ಕೆ ಹಾಕಿ ಎತ್ತಿದ. ಹಪ್ಪಳ ಮುರಿದಂಥ ಸದ್ದಾಯಿತು. ಮುಂದಿನ ಅರ್ಧ ಎದ್ದಿತು. ಹಿಂದಿನ ಅರ್ಧ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ, ಡಾಂಬರು ಕಾಣದ ತನ್ನ ನೆಲದಲ್ಲಿ ಕುಳಿತೇ ಇತ್ತು. ನಾಯಿ ಹೊರಗೆ ಇಣುಕಿ ನೋಡಿ ಮತ್ತೆ ಮಲಗಿತು.

ಮುಂದಿನ ಅರ್ಧ ಕಚೇರಿಯ ಅಂಗಳ ಸೇರಿತು. ಸಾಹೇಬರು ಎರಡು ಸುತ್ತು ಬಂದು, ಹಿಂದಿನ ನಂಬರ್ ಪ್ಲೇಟ್ ಎಲ್ಲಿ ಎಂದು ಕೇಳಿ, ಕಡತದಲ್ಲಿ ಷರಾ ಬರೆದರು: 'ವಾಹನ ಭಾಗಶಃ ಹಾಜರು. ಪೂರ್ಣ ವಾಹನ ಹಾಜರುಪಡಿಸಿದ ನಂತರ ಪರಿಶೀಲಿಸುವುದು.'

ಹಿಂದಿನ ಅರ್ಧ ಇನ್ನೂ ಹೊಂಗೆ ಮರದ ಕೆಳಗೇ ಇದೆ. ನಾಯಿ ನಾಲ್ಕನೆಯ ಸಲ ಮರಿ ಹಾಕಿದೆ. ನಿನ್ನೆ ಬೆಳಿಗ್ಗೆ ನೋಡಿದರೆ ಹಿಂದಿನ ಗಾಜಿಗೆ ಯಾರೋ ಹೊಸ ಚೀಟಿ ಅಂಟಿಸಿ ಹೋಗಿದ್ದಾರೆ, ಅಂಟು ಇನ್ನೂ ಒಣಗಿರಲಿಲ್ಲ: ಏಳು ದಿನಗಳೊಳಗೆ.