ತೆಂಗಿನ ಮರದ ಪೂರ್ವಪಕ್ಷ

ನಮ್ಮ ತೆಂಗಿನ ಮರದ ಬುಡ ನಮ್ಮ ಹಿತ್ತಲಲ್ಲಿದೆ, ತಲೆ ಪಕ್ಕದ ಮನೆಯ ಮೇಲಿದೆ. ಆ ಮನೆಯ ನಿವೃತ್ತ ಗಣಿತದ ಮೇಷ್ಟರು ಕಾರು ಕೊಳ್ಳುವವರೆಗೂ ಅದರ ಬಾಗನ್ನು ಎಲ್ಲರೂ ವಿನಯವೆಂದೇ ತಿಳಿದಿದ್ದರು. ಕಾರು ಬಂದ ಮೇಲೆ ಅದು ಅತಿಕ್ರಮಣವಾಯಿತು.

ಮರ ಕಡಿಸಬೇಕೆಂದು ಮೇಷ್ಟರು, ಕೂಡದೆಂದು ನಮ್ಮ ಅತ್ತೆ. ತೀರ್ಪು ಹೇಳುವ ಪೀಠ ನನ್ನ ಪಾಲಿಗೆ ಬಂತು. ಶಂಕರರಿಗೂ ಮಂಡನಮಿಶ್ರರಿಗೂ ನಡೆದ ವಾದಕ್ಕೆ ಮಂಡನಮಿಶ್ರರ ಹೆಂಡತಿ ಉಭಯ ಭಾರತಿಯೇ ತೀರ್ಪುಗಾರ್ತಿಯಾಗಿದ್ದಳೆಂಬ ಕಥೆಯಿದೆ. ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರದು ಮೊದಲು ಬಾಡುತ್ತದೆಯೋ ಅವರು ಸೋತಂತೆ ಎಂದಳಂತೆ. ಅವಳಿಗೆ ಒಂದು ಕಡೆ ಗಂಡನಿದ್ದ, ಅಷ್ಟೇ. ನನಗೆ ಒಂದು ಕಡೆ ಅತ್ತೆ, ಇನ್ನೊಂದು ಕಡೆ ನನ್ನ ಮಗಳಿಗೆ ಪುಕ್ಕಟೆ ಲೆಕ್ಕ ಹೇಳಿಕೊಡುವ ಮೇಷ್ಟರು. ಮಾಲೆಯ ವಿಷಯ ಎತ್ತಿದಾಗ, ಮೊಳ ಹೂವಿನ ಬೆಲೆ ಗೊತ್ತೇ ಎಂದು ನನ್ನ ಗಂಡ ಕೇಳಿದರು.

ಮೇಷ್ಟರು ತಯಾರಾಗಿಯೇ ಬಂದಿದ್ದರು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗಿಗೆ ವಿನಾಯಿತಿಯಿದೆ, ಕಡಿಯಲು ಅನುಮತಿ ಬೇಕಿಲ್ಲ ಎಂದರು.

“ಕೂಗಾಡಲಿಕ್ಕೂ ಅನುಮತಿ ಬೇಕಿಲ್ಲ. ಹಾಗೆಂದು ದಿನವೂ ಕೂಗಾಡಬೇಕೇ ಮೇಷ್ಟರೇ?” ಎಂದರು ಅತ್ತೆ.

ಅತ್ತೆ ಶಾಲೆ ಬಿಟ್ಟದ್ದು ಏಳನೆಯ ತರಗತಿಗೆ. ತರ್ಕ ಅವರನ್ನು ಬಿಟ್ಟಿಲ್ಲ.

ನ್ಯಾಯಶಾಸ್ತ್ರದಲ್ಲಿ ಚರ್ಚೆಗೆ ಮೂರು ಬಗೆ: ನಿಜ ತಿಳಿಯಲು ವಾದ, ಗೆಲ್ಲಲು ಜಲ್ಪ, ಸ್ವಂತ ನಿಲುವಿಲ್ಲದೆ ಎದುರಿನವರನ್ನು ಕೆಡವಲು ವಿತಂಡ. ಕಾಫಿ ಆರುವಷ್ಟರಲ್ಲಿ ನಾವು ಮೂರನ್ನೂ ಮುಗಿಸಿದ್ದೆವು. ಕೊನೆಯದನ್ನು ನನ್ನ ಗಂಡ, ಪತ್ರಿಕೆಯಿಂದ ತಲೆ ಎತ್ತದೆಯೇ, “ಹಾಗೇನಿಲ್ಲ” ಎಂಬ ಒಂದೇ ಮಾತಿನಲ್ಲಿ ನಿಭಾಯಿಸಿದರು.

ಆಗ ಪೂರ್ವಪಕ್ಷ ನೆನಪಾಯಿತು. ಎದುರಾಳಿಯ ಮಾತನ್ನು ಅವನಿಗೇ ಮೆಚ್ಚುಗೆಯಾಗುವಂತೆ ಮೊದಲು ಹೇಳಬೇಕು, ಖಂಡನೆ ಆಮೇಲೆ. ಮೇಷ್ಟರು ಮರದ ಪರ, ಅತ್ತೆ ಕೊಡಲಿಯ ಪರ ಮಾತಾಡಲಿ ಎಂದೆ.

ಮೇಷ್ಟರು ಗಂಟಲು ಸರಿಮಾಡಿಕೊಂಡರು. ತೆಂಗಿಗೆ ತಾಯಿಬೇರಿಲ್ಲ, ಇರುವುದು ಮರದ ಬೇರಿನಂತೆ ದಪ್ಪಗಾಗದ ನಾರುಬೇರು, ಕಾಂಪೌಂಡ್ ಬಿರುಕಿಗೆ ಅದನ್ನು ದೂರುವಂತಿಲ್ಲ ಎಂದರು. ಹಿಂದಿನ ದಿನವಷ್ಟೇ ಅದೇ ಬಿರುಕನ್ನು ಅದೇ ಬೇರಿನ ತಲೆಗೆ ಕಟ್ಟಿದ್ದವರು ಇವರೇ! ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು, ಅಷ್ಟರಲ್ಲಿ ಇಳಿಸದಿದ್ದರೆ ತಪ್ಪು ಮರದ್ದಲ್ಲ ಎಂದೂ ಸೇರಿಸಿದರು.

ಅತ್ತೆ ಬಿಡುತ್ತಾರೆಯೇ? “ಮರ ಹತ್ತುವವನು ಫೋನ್ ಎತ್ತುವುದಿಲ್ಲ. ಬಂದರೆ, ಅವನು ಕೇಳುವ ಕೂಲಿಯಲ್ಲಿ ಅಂಗಡಿಯಿಂದಲೇ ಕಾಯಿ ತರಬಹುದು. ಗಾಜು ಒಡೆದರೆ ಹೊಸದು ಹಾಕಿಸಬಹುದು. ಮೇಷ್ಟರ ಮೊಮ್ಮಗ ಮೊನ್ನೆ ಆ ಗೊನೆಯ ಕೆಳಗೇ ಗೋಲಿ ಆಡುತ್ತಿದ್ದನಲ್ಲ!”

ಮೇಷ್ಟರ ಮುಖ ಸಪ್ಪಗಾಯಿತು. ಇಷ್ಟು ದಿನ ಕಾರಿನ ಬಣ್ಣದ ಬಗ್ಗೆ ಅಷ್ಟು ಮಾತಾಡಿದ್ದ ಅವರಿಗೆ ಮೊಮ್ಮಗನ ತಲೆ ಹೊಳೆದಿರಲಿಲ್ಲ. ನನ್ನ ತಕ್ಕಡಿಯಲ್ಲಿ ಕಾಯ್ದೆ, ಬೇರು, ಗಾಜು ಎಲ್ಲವೂ ಮೇಲೆದ್ದು, ಆ ಒಂದು ಮಾತು ಕೆಳಗೆ ಕೂತಿತು. ಮರ ಇರಲಿ, ಬಲಿತ ಕಾಯಿಗಳನ್ನು ಕಾಲಕಾಲಕ್ಕೆ ಇಳಿಸಬೇಕು, ಕೂಲಿಯನ್ನು ಎರಡೂ ಮನೆಯವರು ಹಂಚಿಕೊಳ್ಳಬೇಕು ಎಂದು ತೀರ್ಪಿತ್ತೆ. ಇಬ್ಬರೂ ತಲೆಯಾಡಿಸಿದರು.

“ಕೂಲಿ ಅರ್ಧವಾದರೆ ಕಾಯಿಯೂ ಅರ್ಧ ತಾನೇ?” ಎಂದರು ಮೇಷ್ಟರು, ಲೆಕ್ಕದವರು ನೋಡಿ.

ಆ ಪ್ರಶ್ನೆಗೆ ಮಾತ್ರ ಪೂರ್ವಪಕ್ಷ ಹೇಳಲು ಅತ್ತೆ ಇನ್ನೂ ಒಪ್ಪಿಲ್ಲ.