ಸ್ಪಷ್ಟನೆ: ಲಘು ಕೋವಿಡ್ ರೋಗನಿರೋಧಕ ಶಕ್ತಿಯನ್ನು ಶಾಶ್ವತವಾಗಿ ಹಾಳುಮಾಡುತ್ತಾ?

'ಕೋವಿಡ್ ಸಣ್ಣದಾಗಿ ಬಂದುಹೋದರೂ ಎಚ್‌ಐವಿ ಥರ ರೋಗನಿರೋಧಕ ಶಕ್ತಿ ಶಾಶ್ವತವಾಗಿ ಹಾಳಾಗುತ್ತೆ' ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಆಧಾರ ಅಂತ ತೋರಿಸುತ್ತಿರುವುದು 2022ರಲ್ಲಿ ಪ್ರಕಟವಾದ ಸಿಡ್ನಿಯ ಅಧ್ಯಯನ. ಅದು ಹೇಳಿದ್ದೇ ಬೇರೆ: ವೈರಸ್ ಬಂದಾಗ ನಮ್ಮ ದೇಹ ತಯಾರಿಸುವ ಇಂಟರ್‌ಫೆರಾನ್ ಅನ್ನೋ ಪ್ರೋಟೀನುಗಳು, ಲಾಂಗ್ ಕೋವಿಡ್ (ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ತೊಂದರೆ ಉಳಿಯುವುದು) ಇದ್ದವರ ರಕ್ತದಲ್ಲಿ 8 ತಿಂಗಳಾದ ಮೇಲೂ ಜಾಸ್ತಿಯೇ ಇದ್ದವು, ಪೂರ್ತಿ ಚೇತರಿಸಿಕೊಂಡವರಲ್ಲಿ ಅಷ್ಟಿರಲಿಲ್ಲ. ಆಮೇಲೆ ಅದೇ ತಂಡ ಮತ್ತೆ ಪರೀಕ್ಷಿಸಿದಾಗ, ಸೋಂಕಾದ 2 ವರ್ಷದ ಹೊತ್ತಿಗೆ ಈ ಏರುಪೇರು ಬಹುಮಟ್ಟಿಗೆ ತಗ್ಗಿತ್ತು, ಮೆಸೇಜ್‌ನಲ್ಲಿ ಆ ಮಾತೇ ಇಲ್ಲ. ಎಚ್‌ಐವಿ ರೋಗನಿರೋಧಕ ಕೋಶಗಳನ್ನೇ ವರ್ಷಗಟ್ಟಲೆ ಕೊಲ್ಲುತ್ತಾ ಹೋಗುತ್ತೆ, ಎರಡಕ್ಕೂ ಹೋಲಿಕೆಯೇ ಇಲ್ಲ. ಹಾಗಂತ, ತಿಂಗಳುಗಟ್ಟಲೆ ಸುಸ್ತು, ಏದುಸಿರು ಅನ್ನುವವರಿಗೆ 'ಸುಮ್ನೆ ನಿನ್ನ ಭ್ರಮೆ' ಅನ್ನಬೇಡಿ. ರಕ್ತದಲ್ಲೇ ಕಾಣುವ ಬದಲಾವಣೆ ಅದು, ದಯವಿಟ್ಟು ಅವರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.