ಹೆವಿ ಲೈಸೆನ್ಸ್ ಇದೆ, ಲಾರಿ ಕೊಡೋರಿಲ್ಲ

ಡ್ರೈವರ್‌ಗಳೇ ಸಿಗ್ತಾ ಇಲ್ಲ ಅಂತ ಲಾರಿ ಮಾಲೀಕರು ಗೋಳಾಡುವುದನ್ನು ಕೇಳಬೇಕಾದರೆ ಯಶವಂತಪುರದ ಟ್ರಕ್ ಟರ್ಮಿನಲ್ ಹತ್ತಿರ ಒಂದು ಟೀ ಕುಡಿದು ಬನ್ನಿ. ಗಾಡಿ ನಿಂತುಬಿಟ್ಟಿದೆ, ಕಂತು ಕಟ್ಟಬೇಕು, ಹುಡುಗರೆಲ್ಲ ಫುಡ್ ಡೆಲಿವರಿಗೆ ಹೋಗಿಬಿಟ್ಟರು. ಕೇಳಿದರೆ ಅಯ್ಯೋ ಪಾಪ ಅನ್ನಿಸುತ್ತದೆ. ಅದೇ ಹೊತ್ತಿಗೆ ಹೊಸ ಹೆವಿ ಲೈಸೆನ್ಸ್ ಜೇಬಲ್ಲಿಟ್ಟುಕೊಂಡು ನೀವು ಎದುರು ಹೋಗಿ ನಿಂತರೆ, ಗೋಳಾಟ ಅಲ್ಲಿಗೇ ನಿಲ್ಲುತ್ತದೆ.

"ಎಷ್ಟು ವರ್ಷ ಓಡಿಸಿದೀಯಪ್ಪಾ?"

"ಈಗಷ್ಟೇ ಲೈಸೆನ್ಸ್ ಬಂತು ಅಣ್ಣ."

"ಓಹೋ. ನಂಬರ್ ಕೊಟ್ಟು ಹೋಗಿರು."

ನನ್ನ ನಂಬರ್ ಈಗ ಪೀಣ್ಯದಿಂದ ಕಲಾಸಿಪಾಳ್ಯದ ತನಕ ಎಲ್ಲಾ ಲಾರಿ ಆಫೀಸಿನ ಕ್ಯಾಲೆಂಡರ್ ಹಿಂದೆ ಇದೆ. ಫೋನ್ ಬರುವುದು ಮಾತ್ರ ಪರ್ಸನಲ್ ಲೋನ್ ಕೊಡುವವರದು.

ಲೈಸೆನ್ಸ್ ಸುಮ್ನೆ ಬಂದಿದ್ದೂ ಅಲ್ಲ. 20 ವರ್ಷ ತುಂಬಿರಬೇಕು. ಮೊದಲು ಕಾರಿನ ಲೈಸೆನ್ಸ್ ಮಾಡಿಸಿ ಒಂದು ವರ್ಷ ಕಾಯಬೇಕು. ಆಮೇಲೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಫಾರಂ 5, ಅಂದರೆ ಗಾಡಿ ಓಡಿಸೋದು ಕಲಿತಿದ್ದಾನೆ ಅನ್ನೋ ಸರ್ಟಿಫಿಕೇಟು, ತರಬೇಕು. ನಮ್ಮ ಸ್ಕೂಲಿನ ಲಾರಿಗೆ ನನ್ನ ಮಾವನಷ್ಟು ವಯಸ್ಸು. ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿಯಲ್ಲೂ ಒಂದು ಬ್ರೇಕ್ ಇತ್ತು, ಅವರು ಅದನ್ನು ಒತ್ತಿಹಿಡಿದೇ ನನಗೆ ಆಕ್ಸಿಲರೇಟರ್ ಕೊಡು ಅನ್ನುತ್ತಿದ್ದರು.

ಮಾಲೀಕರದ್ದೂ ತಪ್ಪಿಲ್ಲ ಬಿಡಿ. ಲಕ್ಷಗಟ್ಟಲೆ ಸಾಲದ ಗಾಡಿ, ಅದರ ಮೇಲೆ ಯಾರದ್ದೋ ಮಾಲು. ಶಿರಾಡಿ ಘಾಟಿಯ ತಿರುವಿಗೆ ನನ್ನಂಥವನನ್ನು ಕಳಿಸಿ ಅವರು ರಾತ್ರಿ ನಿದ್ದೆ ಮಾಡುವುದು ಹೇಗೆ? ಮೊದಲೆಲ್ಲ ಇದಕ್ಕೆ ಒಂದು ದಾರಿ ಇತ್ತು. ಹುಡುಗ ಕ್ಲೀನರ್ ಆಗಿ ಸೇರುತ್ತಿದ್ದ. ಗಾಜು ಒರೆಸಿ, ಟಾರ್ಪಾಲಿಗೆ ಹಗ್ಗ ಬಿಗಿದು, ಟೈರು ತಟ್ಟಿ ನೋಡಿ, ಡ್ರೈವರಣ್ಣನ ಬೈಗುಳ ತಿಂದು, ಕೊನೆಗೊಂದು ದಿನ ಖಾಲಿ ರೋಡಿನಲ್ಲಿ ಅಣ್ಣನಿಗೆ ನಿದ್ದೆ ಎಳೆದಾಗ ಅವನ ಕೈಗೆ ಸ್ಟೇರಿಂಗ್ ಸಿಗುತ್ತಿತ್ತು. ಆಗ ಅದು ಕಾನೂನಿಗೆ ಒಪ್ಪಿಗೆ ಇತ್ತಾ ಅಂತ ಕೇಳಬೇಡಿ. ಈಗ ಖರ್ಚು ಉಳಿಸೋಕೆ ಕ್ಲೀನರ್‌ನನ್ನೇ ತೆಗೆದುಹಾಕಿದ್ದಾರೆ. ಡ್ರೈವರ್ ಒಬ್ಬನೇ ಹೋಗುತ್ತಾನೆ. ಕಲಿಯುವವನು ಕೂರುವ ಸೀಟಿನಲ್ಲಿ ಈಗ ಸ್ಟವ್ವು ಮತ್ತು ಅಕ್ಕಿ ಚೀಲ. ಹೀಗಿರುವಾಗ ಅನುಭವಸ್ಥ ಡ್ರೈವರ್‌ಗಳು ಎಲ್ಲಿಂದ ಉದುರಬೇಕು ಅಂತ ಇವರ ಲೆಕ್ಕ, ನನಗಂತೂ ಗೊತ್ತಾಗಲಿಲ್ಲ.

ಒಬ್ಬ ಮಾಲೀಕರು ಕುರ್ಚಿ ಕೊಟ್ಟು ಮಾತಾಡಿಸಿದರು. ಆ ಖುಷಿಗೆ ನಾನೂ ಸ್ವಲ್ಪ ಜಾಸ್ತಿ ಮಾತಾಡಿದೆ. ಈಗ ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಅಲ್ವಾ ಸಾರ್ ಅಂದೆ. "ನಮ್ದು ಹಳೇ ಗಾಡಿ. ಎರಡೂ ಕಡೆ ಗಾಜು ಇಳಿಸು, ಫುಲ್ ಎಸಿ" ಅಂದರು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಇತ್ತಲ್ಲ ಅಂದೆ. ಅವರು ಬಹಳ ಸಮಾಧಾನದಿಂದ, "ಎಂಟು ತಾನೇ, ಆಗಲಿ. ಬೆಳಿಗ್ಗೆ ಎಂಟಕ್ಕೆ ಇಲ್ಲಿಂದ ಹೊರಡು, ರಾತ್ರಿ ಎಂಟಕ್ಕೆ ಹುಬ್ಬಳ್ಳಿ ದಾಟಿರು" ಅಂದರು.

ಆದರೂ ಟ್ರಯಲ್ ಕೊಟ್ಟರು. ಹತ್ತು ಚಕ್ರದ ಗಾಡಿ, ರಿವರ್ಸ್ ತೆಗೆದು ಗೋಡೌನಿಗೆ ಹಿಂಬದಿ ಕೊಡಬೇಕು. ಬೆಂಗಳೂರಿನಲ್ಲಿ ಲಾರಿ ರಿವರ್ಸ್ ಬರುತ್ತಿದೆ ಅಂದರೆ ದಾರಿಯಲ್ಲಿ ಹೋಗುವವರಿಗೆಲ್ಲ ಅದೇನೋ ಜವಾಬ್ದಾರಿ ಬಂದುಬಿಡುತ್ತದೆ. ಹಮಾಲಿಯೊಬ್ಬ ಬರ್ಲಿ ಬರ್ಲಿ ಅಂದ. ಟೀ ಅಂಗಡಿಯವರು ವಾ ವಾ ಅಂದರು. ಇನ್ನೊಬ್ಬ ರಾ ರಾ ಅಂದ. ಸ್ಕೂಟರ್ ನಿಲ್ಲಿಸಿದ ಒಬ್ಬರು ಆನೇ ದೋ ಅಂದರು. ಎಲ್ಲರೂ ಕರೆಯುವವರೇ! ಹೋಲ್ಡಾನ್ ಅನ್ನಬೇಕಿದ್ದ ಹುಡುಗ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ. ಹಾಲಿನ ಕ್ರೇಟುಗಳು ಉರುಳಿದ ಸದ್ದಿಗೆ ನಾನಾಗಿಯೇ ನಿಲ್ಲಿಸಿದೆ. ಮಾಲೀಕರು ಬೈಯಲಿಲ್ಲ. "ಹಾಲಿನ ದುಡ್ಡು ನಾನು ಕೊಡ್ತೀನಿ, ನೀನು ಹೊರಡಪ್ಪ" ಅಂದರು.

ಇದರ ಮಧ್ಯೆ ಟಾಟಾ ಏಸ್ ಓಡಿಸ್ತೀಯಾ ಅಂತ ಒಬ್ಬರು ಕೇಳಿದರು. ಒಟ್ಟು ತೂಕ 7,500 ಕೆ.ಜಿ. ದಾಟದ ಗೂಡ್ಸ್ ಗಾಡಿಗೆ ಕಾರಿನ ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ ಹೇಳಿಯಾಗಿದೆ. ಅದಕ್ಕಾ ನಾನು ಇಷ್ಟೆಲ್ಲ ಮಾಡಿದ್ದು?

ಕೊನೆಗೆ ಕೈಹಿಡಿದಿದ್ದು ವೈಟ್‌ಫೀಲ್ಡ್ ಕಡೆಯ ನೀರಿನ ಟ್ಯಾಂಕರ್. ಬೇಸಿಗೆ ಶುರುವಾಗಿತ್ತು. ಬೋರ್‌ವೆಲ್‌ಗಳು ಕೈಕೊಟ್ಟಿದ್ದವು. ಆ ಹೊತ್ತಿನಲ್ಲಿ ಅನುಭವ ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಕೀ ಎಸೆದು, ಬೇಗ ಹೋಗಿ ಬಾ ಅಂದರು, ಅಷ್ಟೇ.

ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿಕೊಡದ ಪಾಠ ಅಲ್ಲಿ ಸಿಕ್ಕಿತು. 6,000 ಲೀಟರ್ ಅಂದರೆ 6 ಟನ್ ನೀರು. ಟ್ಯಾಂಕು ತುಂಬಿದ್ದರೆ ಚಿಂತೆಯಿಲ್ಲ, ನೀರಿಗೆ ಅಲುಗಾಡಲು ಜಾಗ ಇರುವುದಿಲ್ಲ. ಒಂದು ಮನೆಗೆ ಅರ್ಧ ಇಳಿಸಿ ಇನ್ನೊಂದು ಮನೆಗೆ ಹೊರಟಿರೋ, ಆಗ ಇದೆ ಹಬ್ಬ. ನೀವು ಬ್ರೇಕ್ ಹಾಕುತ್ತೀರಿ, ಗಾಡಿ ನಿಲ್ಲುತ್ತದೆ, ಒಳಗಿನ ನೀರು ಮಾತ್ರ ನಿಂತಿರುವುದಿಲ್ಲ. ಒಂದು ಕ್ಷಣ ಬಿಟ್ಟು ಮುಂದಕ್ಕೆ ಬಂದು, ಬಿಎಂಟಿಸಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ಹಿಂದಿನವರು ತಳ್ಳುವ ಹಾಗೆ ನಿಮ್ಮನ್ನು ತಳ್ಳುತ್ತದೆ. ಇದನ್ನು ತಡೆಯೋಕೆ ಒಳಗೆ ಅಡ್ಡ ತಗಡು ಹಾಕಿರುತ್ತಾರೆ. ನನ್ನ ಗಾಡಿಯ ತಗಡು ತುಕ್ಕು ಹಿಡಿದು ಯಾವತ್ತೋ ಕಳಚಿಕೊಂಡಿದ್ದವು ಅಂತ ಕಾಣುತ್ತದೆ. ಪ್ರತಿ ಹಂಪ್‌ನಲ್ಲೂ ಒಳಗಿಂದ ಢಣ್ ಅನ್ನುತ್ತಿತ್ತು.

ಈಗ ಮನೆಯಲ್ಲಿ ನನಗೆ ಭಾರೀ ಮರ್ಯಾದೆ. ನಾಲ್ಕು ತಿಂಗಳು "ಲೈಸೆನ್ಸ್ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ" ಅಂತಿದ್ದ ಅಮ್ಮ, ನಮ್ಮ ಹುಡುಗ ಹೆವಿ ಓಡಿಸ್ತಾನೆ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಅದರ ಫಲ ಅಂದರೆ, ಗೃಹಪ್ರವೇಶಕ್ಕೂ ಕರೆಯದ ಮಾರತಹಳ್ಳಿಯ ಅತ್ತೆ ಮೊನ್ನೆ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದರು. ಊಟ ಆಯ್ತಾ, ಮದುವೆ ಯಾವಾಗ ಅಂತೆಲ್ಲ ವಿಚಾರಿಸಿ ಕೊನೆಗೆ ವಿಷಯಕ್ಕೆ ಬಂದರು.

"ಒಂದು ಲೋಡ್ ಹಾಕಿಸಪ್ಪಾ. 2024ರಲ್ಲಿ ಸರ್ಕಾರ 6,000 ಲೀಟರ್‌ಗೆ 600 ರೂಪಾಯಿ ಅಂತ ರೇಟು ಮಾಡಿತ್ತಲ್ಲ, ನಾನು ಮರೆತಿಲ್ಲ."

"ಅದು 5 ಕಿಲೋಮೀಟರ್ ಒಳಗಿನವರಿಗೆ ಅತ್ತೆ."

"ಅದೆಲ್ಲ ಹೊರಗಿನವರಿಗೆ ಹೇಳು. ನೀನು ಮನೆ ಹುಡುಗ, 400ಕ್ಕೆ ಹಾಕು. ಬರುವಾಗ ಫುಲ್ ಟ್ಯಾಂಕೇ ತಾ, ಅರ್ಧ ಬೇಡ."